ಅಮೃತಶಿಲೆಯಲ್ಲಿ ಕೆತ್ತದ ಸೋಲು

ಪ್ಯಾರಿಸ್ ಪಕ್ಕದ ಸೇಂಟ್ ಡೆನಿಸ್ ಚರ್ಚಿನಲ್ಲಿರೋ ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸಿಸನ ಗೋರಿಯ ಚಿತ್ರಗಳನ್ನು ನೋಡ್ತಾ ಕೂತಿದ್ದೆ. ಬುಡದ ಸುತ್ತ ಪಿಯರ್ ಬೊಂತಾಂ ಅಮೃತಶಿಲೆಯಲ್ಲಿ ಕೆತ್ತಿದ ಉಬ್ಬುಶಿಲ್ಪಗಳು. 1515ರ ಮರಿನ್ಯಾನೋ ಗೆಲುವಿನಲ್ಲಿ ಕುದುರೆ ಮೇಲೆ ದೊರೆ. ಅವನು ಹೋಗೇ ಇರದ 1544ರ ಚೆರೆಸೋಲೆ ಯುದ್ಧವೂ ಉಂಟು! ಸೋತು ಸೆರೆಸಿಕ್ಕ 1525ರ ಪಾವಿಯಾ ಮಾತ್ರ ನಾಪತ್ತೆ.

ಬರೀ ಹೊಗಳುಭಟರ ಕೆಲಸ ಅಂತ ತಳ್ಳಿಹಾಕೋದು ಸುಲಭ. ನಾನು ಒಪ್ಪಲ್ಲ. ಗೋರಿ ಕಟ್ಟಿಸಿದ್ದು ಮಗ ಎರಡನೇ ಹೆನ್ರಿ. ಅಪ್ಪನ ಬಿಡುಗಡೆಗಾಗಿ 1526ರಲ್ಲಿ ಅಣ್ಣನ ಜೊತೆ ಸ್ಪೇನಿಗೆ ಒತ್ತೆಯಾಳಾಗಿ ಹೋದಾಗ ಅವನಿಗಿನ್ನೂ ಏಳು ತುಂಬಿರಲಿಲ್ಲ. ವಾಪಸಾಗಿದ್ದು 1530ರಲ್ಲಿ. ಆ ಸೋಲನ್ನು ಅವನು ಮರೆತಿರ್ತಾನಾ? ಕೆತ್ತಿಸದೇ ಬಿಟ್ಟದ್ದರಲ್ಲಿ ನನಗೆ ಕಾಣೋದು ಮುಖಸ್ತುತಿಯಲ್ಲ, ಮಗನ ಮೌನ.

ನೀವೇನಂತೀರಿ?