ಕಾಯುವ ಸಾಲ, ಕಾಯದ ಸಾಲ

ಡಿಗ್ರಿಯನ್ನು ಆರು ತಿಂಗಳು ಮೊದಲೇ ಮುಗಿಸಬಹುದು ಎಂದರೆ ಕೆಂಚನಗುಡ್ಡದ ಕಡೆ ನಂಬುವವರು ಕಡಿಮೆ. ತುಂಗಭದ್ರೆಯ ದಂಡೆಯ ಸಿರುಗುಪ್ಪ ಸೀಮೆಯ ಊರುಗಳಿಗೆ ಪರೀಕ್ಷೆ ಮುಂದಕ್ಕೆ ಹೋಗುವುದು ಗೊತ್ತು, ರಿಸಲ್ಟ್ ತಡವಾಗುವುದೂ ಗೊತ್ತು. ಆದರೆ ಯುಜಿಸಿ 2024ರ ಕೊನೆಗೆ ಒಪ್ಪಿದ ಪದ್ಧತಿಯ ಪ್ರಕಾರ ಮೂರು ವರ್ಷದ ಪದವಿಯನ್ನು ಐದು ಸೆಮಿಸ್ಟರ್‌ನಲ್ಲಿ, ನಾಲ್ಕು ವರ್ಷದ್ದನ್ನು ಆರು ಅಥವಾ ಏಳು ಸೆಮಿಸ್ಟರ್‌ನಲ್ಲಿ ಮುಗಿಸಲು ದಾರಿಯಿದೆ. ಕ್ರೆಡಿಟ್‌ನಲ್ಲಿ ರಿಯಾಯಿತಿ ಇಲ್ಲ. ಪ್ರತಿ ಸೆಮಿಸ್ಟರ್‌ಗೆ ಹೆಚ್ಚು ಪೇಪರ್ ಬರೆಯಬೇಕು, ಕಾಲೇಜೂ ಒಪ್ಪಬೇಕು.

ಬೇಗ ಹೊರಬೀಳಬೇಕೋ, ಇದ್ದು ಕಲಿಯಬೇಕೋ ಎಂಬ ಪ್ರಶ್ನೆ ಕರ್ನಾಟಕದ ಮಕ್ಕಳಿಗೆ ಇನ್ನೊಂದು ರೂಪದಲ್ಲಿ ಮೊದಲೇ ಎದುರಾಗಿತ್ತು. ರಾಷ್ಟ್ರೀಯ ಶಿಕ್ಷಣ ನೀತಿಯಡಿ 2021-22ರಲ್ಲಿ ಡಿಗ್ರಿಗೆ ಸೇರಿದವರು ಮೂರನೇ ವರ್ಷಕ್ಕೆ ಪದವಿ ಪಡೆದು ಹೊರಡಬಹುದಿತ್ತು, ನಾಲ್ಕನೇ ವರ್ಷ ಓದಿ ಆನರ್ಸ್ ಪಡೆಯಬಹುದಿತ್ತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೊಸ ಪ್ರವೇಶಗಳಿಗೆ ಮತ್ತೆ ಮೂರು ವರ್ಷದ ಪದವಿಯನ್ನೇ ತಂದಿತು. ಪದ್ಧತಿ ಬದಲಾದರೂ ಮನೆಗಳಲ್ಲಿ ನಡೆಯುವ ಚರ್ಚೆ ಬದಲಾಗಿಲ್ಲ. ಅಪ್ಪ ಸಾಲದ ಲೆಕ್ಕ ಹೇಳುತ್ತಾನೆ, ಮಗಳು ಇಂಟರ್ನ್‌ಶಿಪ್ ಇಲ್ಲದೆ ಕೆಲಸಕ್ಕೆ ಕರೆಯುವುದಿಲ್ಲ ಎನ್ನುತ್ತಾಳೆ. ಇಬ್ಬರ ಮಾತಿನಲ್ಲೂ ಹುರುಳಿದೆ.

ಮೊದಲು ಅಪ್ಪನ ಕಡೆಯ ಲೆಕ್ಕ. ಬ್ಯಾಂಕಿನಲ್ಲಿ ನಾಲ್ಕು ಲಕ್ಷ ರೂಪಾಯಿ ಶಿಕ್ಷಣ ಸಾಲ, ಬಡ್ಡಿ ಶೇ 10, ತೀರಿಸಲು ಏಳು ವರ್ಷ ಎಂದುಕೊಳ್ಳೋಣ. ತಿಂಗಳ ಕಂತು ಸುಮಾರು 6,640 ರೂಪಾಯಿ. ಈಗ ಮಗಳು ಐದು ತಿಂಗಳು ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೆ ಹೋದಳು. ಪಿಜಿ, ಊಟ, ಬಸ್ಸು ಸೇರಿ ತಿಂಗಳಿಗೆ 12,000 ಆಯಿತು. ಆ 60,000ವನ್ನೂ ಅದೇ ಬಡ್ಡಿಗೆ ಸಾಲವಾಗಿಯೇ ತಂದರೆ ಕಂತು 7,640ರ ಹತ್ತಿರಕ್ಕೆ ಏರುತ್ತದೆ. ತಿಂಗಳಿಗೆ ಸಾವಿರವೇ ತಾನೇ ಎನಿಸಬಹುದು. ಏಳು ವರ್ಷಕ್ಕೆ ಅದು 84,000 ರೂಪಾಯಿ. ಇದರ ಜೊತೆಗೆ ಆ ಐದು ತಿಂಗಳು ಬರಬಹುದಾಗಿದ್ದ ಸಂಬಳವೂ ಹೋಯಿತು. ಹೊಲದ ಆದಾಯದ ಮೇಲೆ ನಿಂತ ಮನೆಗೆ ಇದು ಸಣ್ಣ ಮಾತಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಈ ಭಾಗದ ಭತ್ತದ ರೈತರು ಎದೆ ಹಿಡಿದುಕೊಂಡೇ ದಿನ ದೂಡಿದರು. ಬೆಳೆಯನ್ನೇ ನಂಬಿಕೊಂಡ ಮನೆಯಲ್ಲಿ ಒಂದು ಸಂಬಳ ಆರು ತಿಂಗಳು ಮೊದಲೇ ಬಂದರೆ ಅದರ ತೂಕವೇ ಬೇರೆ.

ಆದರೆ ಈ ಲೆಕ್ಕ ಎಲ್ಲ ಸಾಲಕ್ಕೂ ಒಂದೇ ರೀತಿ ಹೊಂದುವುದಿಲ್ಲ. ಬ್ಯಾಂಕಿನ ಶಿಕ್ಷಣ ಸಾಲ ಕಾಯುವ ಸಾಲ. ಕೋರ್ಸ್ ಮುಗಿದ ಮೇಲೂ ಒಂದು ವರ್ಷ ಕಂತು ಕೇಳುವುದಿಲ್ಲ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಓದುತ್ತಿದ್ದರೆ, ಕಂತಿಲ್ಲದ ಆ ಬಿಡುವಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯಿದೆ. ಅಂಥ ವಿದ್ಯಾರ್ಥಿಗೆ ಇನ್ನೊಂದು ಸೆಮಿಸ್ಟರ್ ಇರುವುದರಿಂದ ಫೀಸು, ಊಟದ ಖರ್ಚು ಹೆಚ್ಚಬಹುದು. ಹಳೆಯ ಸಾಲದ ಬಡ್ಡಿ ಬೆಳೆಯುವ ಹೆದರಿಕೆ ಇರುವುದಿಲ್ಲ.

ಬಿಎ, ಬಿಕಾಂ ಓದುವ ಬಹಳ ಮಕ್ಕಳ ಸಾಲ ಬ್ಯಾಂಕಿನ ಶಿಕ್ಷಣ ಸಾಲದ ಪುಸ್ತಕದಲ್ಲಿ ಇರುವುದೇ ಇಲ್ಲ. ಅದು ಅಮ್ಮನ ಬಂಗಾರದ ಮೇಲಿನ ಸಾಲ, ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲ, ಸಂಬಂಧಿಕರ ಕೈಸಾಲ. ವಾರದ ಕಂತಿನವರು ಬಾಗಿಲಿಗೆ ಬಂದಾಗ ಮಗ ಇಂಟರ್ನ್‌ಶಿಪ್‌ನಲ್ಲಿದ್ದಾನೆ, ಮುಂದಿನ ವರ್ಷ ಕಟ್ಟುತ್ತೇವೆ ಎಂದರೆ ಕೇಳುವವರಿಲ್ಲ. ಈ ವಸೂಲಿಯ ಕಾಟ ಎಷ್ಟಕ್ಕೆ ಮುಟ್ಟಿತ್ತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಇದು ಕಾಯದ ಸಾಲ. ಇಂಥ ಮನೆಯ ಹುಡುಗ ಬೇಗ ಮುಗಿಸಿ ದುಡಿಯಲು ಹೊರಟರೆ ಅವನಿಗೆ ದೂರದೃಷ್ಟಿಯಿಲ್ಲ ಎನ್ನುವಂತಿಲ್ಲ.

ಇನ್ನು ಮಗಳ ಮಾತು. ಇಂಟರ್ನ್‌ಶಿಪ್ ಎಂದ ಕೂಡಲೇ ಬೆಂಗಳೂರಿನ ಗಾಜಿನ ಕಟ್ಟಡ ಕಣ್ಣಿಗೆ ಬರುತ್ತದೆ. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಬಿಕಾಂ ವಿದ್ಯಾರ್ಥಿ ಒಂದು ಸುಗ್ಗಿ ಕೂತರೆ ಏನು ಕಲಿಯಬಹುದು ನೋಡಿ. ಲೋಡು ಬಂದಾಗ ವೇಬ್ರಿಡ್ಜ್ ಚೀಟಿ, ಭತ್ತದ ತೇವಾಂಶ ನೋಡುವ ಮೀಟರು, ತೇವ ಹೆಚ್ಚಿದ್ದರೆ ದರದಲ್ಲಿ ಎಷ್ಟು ಕಡಿತ, ಚೀಲದ ಲೆಕ್ಕ, ಹಮಾಲಿ, ಟ್ಯಾಲಿಯಲ್ಲಿ ಎಂಟ್ರಿ, ಇ-ವೇ ಬಿಲ್, ಜಿಎಸ್‌ಟಿ ರಿಟರ್ನ್. ಪರೀಕ್ಷೆಗೆ ಬಾಯಿಪಾಠ ಮಾಡಿದ ‘ಸ್ಟಾಕ್ ವ್ಯಾಲ್ಯುಯೇಷನ್’ ಅಲ್ಲಿ ಕಣ್ಣೆದುರು ಗೋಣಿಚೀಲದ ಸಾಲಾಗಿ ನಿಂತಿರುತ್ತದೆ. ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆ, ಕುಡತಿನಿಯ ಥರ್ಮಲ್ ಸ್ಥಾವರ, ಬಳ್ಳಾರಿಯ ಜೀನ್ಸ್ ಘಟಕಗಳು ಇದೇ ಜಿಲ್ಲೆಯಲ್ಲಿವೆ. ಮನೆಯಲ್ಲೇ ಊಟ ಮಾಡಿ ಹೋಗಿಬರುವ ಇಂಟರ್ನ್‌ಶಿಪ್‌ಗೆ 60,000ದ ಸಾಲ ಬೇಕಿಲ್ಲ.

ವಿದ್ಯಾರ್ಥಿ ಎಂಬ ಗುರುತಿಗೂ ಬೆಲೆಯಿದೆ. ಹಲವು ಕಂಪನಿಗಳು ಇಂಟರ್ನ್‌ಶಿಪ್‌ಗೆ ಈಗ ಓದುತ್ತಿರುವವರನ್ನೇ ಕೇಳುತ್ತವೆ. ಕ್ಯಾಂಪಸ್ ಸಂದರ್ಶನವೂ ಕಾಲೇಜಿನ ಕ್ಯಾಲೆಂಡರ್ ಹಿಡಿದು ನಡೆಯುತ್ತದೆ. ಐದನೇ ಸೆಮಿಸ್ಟರ್‌ಗೆ ಹೊರಟವನು ಆರನೇ ಸೆಮಿಸ್ಟರ್‌ಗೆ ಬಂದ ಕಂಪನಿಯ ಮುಂದೆ ಕೂರುವುದು ಕಷ್ಟ. ಎಂಜಿನಿಯರಿಂಗ್‌ನಲ್ಲಿ ಈ ಗೊಂದಲ ಅಷ್ಟಿಲ್ಲ, ವಿಟಿಯು ಪಠ್ಯಕ್ರಮದ ಒಳಗೇ ಇಂಟರ್ನ್‌ಶಿಪ್ ಇದೆ. ಆದರೆ ಅಲ್ಲೂ ಎಚ್ಚರ ಬೇಕು. ವಿದ್ಯಾರ್ಥಿಯಿಂದಲೇ ದುಡ್ಡು ಕಟ್ಟಿಸಿಕೊಂಡು, ನಾಲ್ಕು ವಿಡಿಯೊ ತೋರಿಸಿ ಸರ್ಟಿಫಿಕೇಟ್ ಕೊಡುವವರ ಹತ್ತಿರ ಕಲಿಕೆಯೂ ಇಲ್ಲ, ಸಂಬಳವೂ ಇಲ್ಲ. ಅದಕ್ಕೆ ಸಾಲ ಮಾಡುವುದಕ್ಕಿಂತ ಮನೆಯಲ್ಲಿ ಇರುವುದು ವಾಸಿ.

ಬೇಗ ಮುಗಿಸುವವರು ಸಾಮಾನ್ಯವಾಗಿ ಮರೆಯುವುದು ವಯಸ್ಸನ್ನು. ಐದು ಸೆಮಿಸ್ಟರ್‌ಗೆ ಡಿಗ್ರಿ ಮುಗಿದರೆ ಬಹಳ ಮಕ್ಕಳಿಗೆ 20 ವರ್ಷ. ಕಲ್ಯಾಣ ಕರ್ನಾಟಕದಲ್ಲಿ 371ಜೆ ಮೀಸಲಾತಿಯನ್ನು ನಂಬಿ ಸರ್ಕಾರಿ ನೌಕರಿಗೆ ಓದುವವರು ಮನೆಮನೆಯಲ್ಲಿದ್ದಾರೆ. ಅಲ್ಲಿ ಇಂಟರ್ನ್‌ಶಿಪ್ ಕೇಳುವವರಿಲ್ಲ, ಪದವಿ ಇದ್ದರೆ ಸಾಕು. ಹೀಗಾಗಿ ಬೇಗ ಮುಗಿಸುವುದೇ ಲಾಭ ಎನಿಸುತ್ತದೆ. ಆದರೆ ಕೆಎಎಸ್‌ಗೂ ಪಿಎಸ್‌ಐ ಹುದ್ದೆಗೂ ಕನಿಷ್ಠ ವಯಸ್ಸು 21. ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗಲೂ 21ರಿಂದ 24ರ ಮಿತಿಯೇ ಇತ್ತು. ಉಳಿಸಿದ ಆರು ತಿಂಗಳು ಕಾಯುವುದರಲ್ಲೇ ಕಳೆದುಹೋದರೆ ಉಳಿಸಿದ್ದೇನು?

ಎಫ್‌ಡಿಎಯಂಥ ಹುದ್ದೆಗೆ 18 ದಾಟಿದ್ದರೆ ಸಾಕು ಎಂಬುದೂ ಅಷ್ಟೇ ನಿಜ. ಗುರಿ ಅದಾಗಿದ್ದರೆ ಬೇಗ ಸಿಕ್ಕ ಪದವಿ ಖಂಡಿತ ಕೆಲಸಕ್ಕೆ ಬರುತ್ತದೆ.

ಪದವಿ ಮುಗಿದ ಕೂಡಲೇ ಕಲಿಕೆಯ ಬಾಗಿಲು ಮುಚ್ಚುವುದೂ ಇಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳಲು ಅವಕಾಶವಿದೆ. 2019ರ ತಿದ್ದುಪಡಿ ನಿಯಮದಲ್ಲಿ ಅವರ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000 ರೂಪಾಯಿ ಎಂದು ನಿಗದಿಯಾಗಿತ್ತು. ಸಂಬಳವಿಲ್ಲದ ಇಂಟರ್ನ್‌ಶಿಪ್‌ಗಿಂತ ಇದು ಎಷ್ಟೋ ಮೇಲು. ಕೆಲಸವೂ ಸಿಗದೆ, ಮುಂದೆ ಓದದೆ ಆರು ತಿಂಗಳು ಕಳೆದವರಿಗೆ ರಾಜ್ಯದ ಯುವನಿಧಿಯಿಂದ ತಿಂಗಳಿಗೆ 3,000 ಬರುತ್ತದೆ, ಅದೂ ಎರಡು ವರ್ಷ ಮಾತ್ರ. ಅದು ಕೈಖರ್ಚಿಗೆ ಆದೀತು, ಕಂತಿಗೆ ಸಾಲದು.

ಎರಡೂ ಕಡೆ ತೂಗಿದ ಮೇಲೆ ನನಗೆ ಅನ್ನಿಸುವುದು ಇಷ್ಟು. ಮನೆಯ ಸಾಲ ಕಾಯುವಂಥದ್ದಾಗಿದ್ದು, ಇಂಟರ್ನ್‌ಶಿಪ್‌ನಲ್ಲಿ ಸ್ಟೈಪೆಂಡ್ ಇದ್ದರೆ ಅಥವಾ ಮನೆಯಿಂದಲೇ ಹೋಗಿಬರುವಂತಿದ್ದರೆ, ಆತುರ ಬೇಡ. ಕೊನೆಯ ಸೆಮಿಸ್ಟರ್ ಕಾಲೇಜಿನಲ್ಲೇ ಇರಿ. ಸಾಲ ಕಾಯದೇ ಇದ್ದರೆ ಬೇಗ ಮುಗಿಸಿ, ಸ್ಟೈಪೆಂಡ್ ಇರುವ ಅಪ್ರೆಂಟಿಸ್ ಕೆಲಸವನ್ನೇ ಮೊದಲು ಹುಡುಕಿ. ಸಂಬಳವಿಲ್ಲದೆ, ಸಾಲ ಮಾಡಿಕೊಂಡು, ದೂರದ ಊರಿನಲ್ಲಿ ಮಾಡುವ ಇಂಟರ್ನ್‌ಶಿಪ್ ಮಾತ್ರ ಯಾವ ಲೆಕ್ಕಕ್ಕೂ ಕೂಡಿಬರುವುದಿಲ್ಲ. ಅದನ್ನು ಒಪ್ಪಿಕೊಳ್ಳುವ ಮೊದಲು ಬ್ಯಾಂಕಿನ ಪಾಸ್‌ಬುಕ್ಕು, ಸಂಘದ ಕಂತಿನ ಕಾರ್ಡು ಎರಡನ್ನೂ ಅಪ್ಪ ಅಮ್ಮನ ಜೊತೆ ಕೂತು ಬಿಡಿಸಿ ನೋಡಿ. ಮನೆಯ ಸಾಲದ ನಿಜವಾದ ಮೊತ್ತ ಮಕ್ಕಳಿಗೂ ಗೊತ್ತಿರಲಿ.