ಕೊಪ್ಪಳದ ಹತ್ತಿ ಕಪ್ಪಾದದ್ದು ಯಾರ ಲಾಭಕ್ಕೆ?

ಹತ್ತಿ ಬೆಳ್ಳಗಿರುತ್ತದೆ ಎಂದು ಶಾಲೆಯಲ್ಲಿ ಕಲಿತವರು ಒಮ್ಮೆ ಕೊಪ್ಪಳ ತಾಲೂಕಿನ ಹಿರೇಬಗನಾಳದ ಹೊಲಕ್ಕೆ ಬಂದು ನೋಡಬೇಕು. ಒಡೆದ ಕಾಯಿಯ ಮೇಲೆ ರಾತ್ರಿಯೆಲ್ಲ ಕರಿ ಧೂಳು ಇಳಿದು ಬೆಳಗಾಗುವಷ್ಟರಲ್ಲಿ ಬೂದುಬಣ್ಣ ಕೂತಿರುತ್ತದೆ. ಹತ್ತಿ ಬಿಡಿಸುವ ಹೆಣ್ಣಾಳಿನ ಬೆರಳು ಕಪ್ಪು, ಸೆರಗು ಕಪ್ಪು, ಸೀನಿದರೆ ಬರುವುದೂ ಕಪ್ಪು. ಅಂಡಿಗೆ ತುಂಬಿ ಮಾರಾಟಕ್ಕೆ ಒಯ್ದರೆ ದಲಾಲಿ ಒಂದು ಹಿಡಿ ಹತ್ತಿ ಎಳೆದು ನೋಡಿ ರೇಟು ಇಳಿಸುತ್ತಾನೆ. ಬಿತ್ತಿದವನು, ಕಳೆ ತೆಗೆದವಳು, ಸಾಲ ಮಾಡಿ ಗೊಬ್ಬರ ತಂದವನು ತಪ್ಪು ಮಾಡಿಲ್ಲ. ತಪ್ಪು ಮಾಡಿದ್ದು ಹೊಲದ ಆಚೆ ನಿಂತಿರುವ ಚಿಮಣಿ. ದಂಡ ಕಟ್ಟುತ್ತಿರುವವನು ಮಾತ್ರ ರೈತ.

ಕೊಪ್ಪಳದಿಂದ ಹೊಸಪೇಟೆ ಕಡೆ ಹೊರಟರೆ ಗಿಣಿಗೇರಾ, ಅಲ್ಲಾನಗರ, ಹಿರೇಬಗನಾಳದ ಸುತ್ತ ಚಿಮಣಿಗಳ ಸಾಲು ಕಾಣುತ್ತದೆ. ಒಂದು ಬದಿಗೆ ತುಂಗಭದ್ರಾ ಜಲಾಶಯ, ಆಚೆಗೆ ಬಳ್ಳಾರಿ–ಸಂಡೂರಿನ ಅದಿರು. ನೀರೂ ಇದೆ, ಅದಿರೂ ಇದೆ, ಬಡವರ ಭೂಮಿಯೂ ಇದೆ ಎಂದು ಲೆಕ್ಕ ಹಾಕಿ ಇಲ್ಲಿಗೆ ಸ್ಪಾಂಜ್ ಐರನ್ ಮತ್ತು ಉಕ್ಕಿನ ಕಾರ್ಖಾನೆಗಳನ್ನು ತಂದು ಸುರಿದರು. ಬಳ್ಳಾರಿ ಗಣಿಯ ಕೆಂಪು ಧೂಳನ್ನು ನಾಡು ನೋಡಿತು. ಲೋಕಾಯುಕ್ತ ವರದಿ ಬಂತು, 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನೇ ನಿಲ್ಲಿಸಿತು. ಕೊಪ್ಪಳದ ಕಪ್ಪು ಧೂಳಿಗೆ ಆ ಭಾಗ್ಯವೂ ಇಲ್ಲ. ಅದು ಪರವಾನಗಿ ಪಡೆದ ಧೂಳು. ಕಾನೂನಿನ ಮುದ್ರೆ ಒತ್ತಿಸಿಕೊಂಡೇ ನಮ್ಮ ಮನೆಯೊಳಕ್ಕೆ ನುಗ್ಗುತ್ತದೆ.

ಈ ಧೂಳು ಎಲ್ಲಿಂದ ಬರುತ್ತದೆ ಎಂದು ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದಿರು, ಕಲ್ಲಿದ್ದಲು, ಡೋಲೊಮೈಟ್ ಮೂರನ್ನೂ ಉದ್ದನೆಯ ತಿರುಗುವ ಕುಲುಮೆಗೆ ಹಾಕಿ ಸುಮಾರು 1000 ಡಿಗ್ರಿ ಕಾಸುತ್ತಾರೆ. ಅದಿರಿನ ಆಮ್ಲಜನಕ ಹೋಗಿ ತೂತು ತೂತಾದ ಕಬ್ಬಿಣ ಉಳಿಯುತ್ತದೆ, ಅದೇ ಸ್ಪಾಂಜ್ ಐರನ್. ಕುಲುಮೆಯಿಂದ ಏಳುವ ಹೊಗೆಯಲ್ಲಿ ಇದ್ದಲಿನ ಪುಡಿ, ಬೂದಿ, ಕಬ್ಬಿಣದ ಕಣ ಎಲ್ಲವೂ ಇರುತ್ತವೆ. ಅವನ್ನು ಹಿಡಿದಿಡಲು ಯಂತ್ರವಿದೆ. ಕಾರ್ಮಿಕರ ಬಾಯಲ್ಲಿ ಅದು ಇಎಸ್‌ಪಿ. ಹೊಗೆಯ ಕಣಗಳಿಗೆ ವಿದ್ಯುತ್ತಿನ ಆವೇಶ ಕೊಟ್ಟು ತಗಡುಗಳಿಗೆ ಅಂಟಿಸುವ ಯಂತ್ರ. ಅದು ಸರಿಯಾಗಿ ನಡೆದರೆ ಧೂಳಿನ ಬಹುಪಾಲು ಒಳಗೇ ಉಳಿಯುತ್ತದೆ. ನಡೆಸಬೇಕಾದರೆ ಕರೆಂಟು ಬೇಕು, ರಿಪೇರಿ ಬೇಕು, ಹಿಡಿದ ಬೂದಿಯನ್ನು ಸಾಗಿಸಬೇಕು. ಎಲ್ಲಕ್ಕೂ ದುಡ್ಡು ಬೇಕು.

ಸ್ಪಾಂಜ್ ಐರನ್ ಕಾರ್ಖಾನೆಗಳಿರುವ ಎಲ್ಲ ಕಡೆ, ಛತ್ತೀಸಗಢದಿಂದ ಕೊಪ್ಪಳದವರೆಗೆ, ಜನರ ದೂರು ಒಂದೇ: ಹಗಲು ತಿಳಿ ಹೊಗೆ, ರಾತ್ರಿ ಕರಿ ಹೊಗೆ. ಕತ್ತಲಾದ ಮೇಲೆ ಯಂತ್ರ ಬಂದ್. ಕುಲುಮೆಯ ಒತ್ತಡ ಏರಿದಾಗ ಜೀವ ಉಳಿಸಲೆಂದು ಇಟ್ಟ ತುರ್ತು ಮುಚ್ಚಳವನ್ನು ಸುಮ್ಮಸುಮ್ಮನೆ ತೆರೆದುಬಿಡುವುದು. ಹೊಗೆ ಶೋಧಕವನ್ನು ದಾಟದೆ ನೇರ ಆಕಾಶಕ್ಕೆ, ಆಕಾಶದಿಂದ ನೇರ ನಮ್ಮ ಅಂಗಳಕ್ಕೆ. ಅಲ್ಲಿ ಉಳಿಸಿದ ಒಂದೊಂದು ಯೂನಿಟ್ ಕರೆಂಟಿಗೂ ಇಲ್ಲಿ ಒಂದು ಮಗುವಿನ ಎದೆ ಗೊರಗೊರ ಎನ್ನುತ್ತದೆ. ಇದನ್ನು ಅಪಘಾತ ಎನ್ನುವವರ ಬಾಯಿಗೆ ನಾನು ಬೀಗ ಹಾಕಬಯಸುತ್ತೇನೆ. ಇದು ಖರ್ಚಿನ ವರ್ಗಾವಣೆ. ಕಾರ್ಖಾನೆಯ ಖಾತೆಯಲ್ಲಿ ಬರೆಯಬೇಕಿದ್ದ ಖರ್ಚನ್ನು ಕೂಲಿಕಾರನ ಪುಪ್ಪುಸದಲ್ಲಿ ಬರೆದಿದ್ದಾರೆ.

ರಾತ್ರಿಯನ್ನೇ ಆರಿಸಿಕೊಳ್ಳುವುದರಲ್ಲಿ ಇನ್ನೂ ಒಂದು ಕ್ರೌರ್ಯವಿದೆ. ಹಗಲು ನೆಲ ಕಾದು ಗಾಳಿ ಮೇಲೇರುತ್ತದೆ, ಹೊಗೆಯೂ ಜೊತೆಗೆ ಏರಿ ಚದುರುತ್ತದೆ. ಚಳಿಗಾಲದ ರಾತ್ರಿ ನೆಲ ತಣಿದು, ತಣ್ಣನೆ ಗಾಳಿ ಕೆಳಗೆ, ಬೆಚ್ಚನೆ ಗಾಳಿ ಅದರ ಮೇಲೆ ಕೂರುತ್ತದೆ. ಹೊಗೆ ಮೇಲೇರಲಾರದೆ ಊರಿನ ಮಟ್ಟದಲ್ಲೇ ನಿಲ್ಲುತ್ತದೆ. ಜನ ಮಲಗಿರುವ ಹೊತ್ತಿನಲ್ಲಿ, ಬಾಗಿಲ ಸಂದಿಯಿಂದ, ಹಂಚಿನ ಬಿರುಕಿನಿಂದ ಒಳಗೆ ಇಳಿಯುತ್ತದೆ. ವಿಷ ಅತಿ ಹೆಚ್ಚು ಉಳಿಯುವ ಹೊತ್ತನ್ನೇ ವಿಷ ಬಿಡಲು ಆರಿಸುತ್ತಾರೆ. ಆ ಹೊತ್ತಿನಲ್ಲಿ ಯಾವ ಅಧಿಕಾರಿಯೂ ಬರುವುದಿಲ್ಲ ಎಂಬ ಧೈರ್ಯದಿಂದ.

ಈ ಚಿಮಣಿಗಳ ಸುತ್ತಲಿನ ಒಂದು ಮನೆಯ ಮಾಳಿಗೆ ಹತ್ತಿ ನಿಂತಿದ್ದೆ. ಅಜ್ಜಿಯೊಬ್ಬಳು ಸಂಡಿಗೆ ಒಣಹಾಕುವ ಮೊದಲು ಮಾಳಿಗೆ ಗುಡಿಸುತ್ತಿದ್ದಳು. ಗುಡಿಸಿ ಒಟ್ಟಿದ ಪುಡಿ ಕಾಡಿಗೆಯಷ್ಟು ನುಣುಪು, ಬಿಸಿಲಿಗೆ ಅಲ್ಲಲ್ಲಿ ಮಿರಿಮಿರಿ ಮಿಂಚುತ್ತಿತ್ತು. ಮೊಮ್ಮಗ ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ತಂದು ಆ ಪುಡಿಯ ಮೇಲೆ ಆಡಿಸಿದ. ಕರಿ ಪುಡಿ ರೋಮ ಎದ್ದಂತೆ ನಿಗುರಿ ಅಯಸ್ಕಾಂತಕ್ಕೆ ಅಂಟಿಕೊಂಡಿತು. "ನೋಡ್ರಿ ಸರ, ನಮ್ಮ ಮಾಳಗಿ ಮ್ಯಾಲೆ ಕಬ್ಬಣ ಬೀಳ್ತೈತಿ" ಎಂದ. ಅಜ್ಜಿ ತಲೆ ಎತ್ತದೆ, "ಬರೇ ಮಾಳಗಿ ಮ್ಯಾಲಲ್ಲೋ ತಮ್ಮಾ, ಉಣ್ಣೂ ಗಂಗಾಳದಾಗೂ ಬೀಳ್ತೈತಿ. ನಾಳೆ ಇಷ್ಟೊತ್ತಿಗೆ ಮತ್ತ ಇಷ್ಟ ಇರ್ತದ" ಅಂದಳು. ಯಾವ ಪ್ರಯೋಗಾಲಯವೂ ಬೇಡ, ಯಾವ ತಜ್ಞರ ಸಮಿತಿಯೂ ಬೇಡ. ಆರನೇ ಇಯತ್ತೆಯ ಹುಡುಗ ಅಪರಾಧಿಯನ್ನು ಹಿಡಿದುಕೊಟ್ಟಿದ್ದಾನೆ. ಹಿಡಿಯಲಾಗದಿರುವುದು ಸರ್ಕಾರಕ್ಕೆ ಮಾತ್ರ.

ಕಣ್ಣಿಗೆ ಕಾಣುವ ಈ ಪುಡಿಗಿಂತ ಕಾಣದ ಪುಡಿ ದೊಡ್ಡ ಕೊಲೆಗಾರ. ಕೂದಲೆಳೆಯ ಮೂವತ್ತರಲ್ಲಿ ಒಂದು ಪಾಲಿನಷ್ಟು ಸಣ್ಣ ಕಣಗಳನ್ನು ಪಿಎಂ 2.5 ಎನ್ನುತ್ತಾರೆ. ಮೂಗಿನ ಕೂದಲಿಗೂ ಗಂಟಲ ಕಫಕ್ಕೂ ಅವು ಸಿಗುವುದಿಲ್ಲ. ಪುಪ್ಪುಸದ ತುದಿಗೆ ಇಳಿಯುತ್ತವೆ, ಅವುಗಳಲ್ಲಿ ತೀರಾ ಸಣ್ಣವು ಅಲ್ಲಿಂದ ರಕ್ತಕ್ಕೇ ಸೇರುತ್ತವೆ. ದಮ್ಮು ಅಷ್ಟೇ ಅಲ್ಲ, ಹೃದಯಾಘಾತಕ್ಕೂ ಲಕ್ವಕ್ಕೂ ಇವೇ ದಾರಿ ಮಾಡಿಕೊಡುತ್ತವೆ. ಹೊರಗಿನ ಕಲುಷಿತ ಗಾಳಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2013ರಲ್ಲೇ ಸಾರಿದೆ. 2019ರ ಒಂದೇ ವರ್ಷದಲ್ಲಿ ಭಾರತದಲ್ಲಿ 16.7 ಲಕ್ಷ ಜನ ಗಾಳಿಯ ಮಾಲಿನ್ಯದಿಂದ ಸತ್ತರು ಎಂದು ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿದೆ. ಸಂಸತ್ತಿನಲ್ಲಿ ಕೇಳಿದರೆ ಕೇಂದ್ರ ಸರ್ಕಾರದ ಉತ್ತರ ಮತ್ತೆ ಮತ್ತೆ ಒಂದೇ: ಕೇವಲ ವಾಯು ಮಾಲಿನ್ಯದಿಂದಲೇ ಸಾವು ಸಂಭವಿಸಿದೆ ಎನ್ನಲು ಖಚಿತ ಮಾಹಿತಿ ಇಲ್ಲ. ಮಾಹಿತಿ ಇಲ್ಲದ್ದು ಏಕೆ? ಹಳ್ಳಿಯಲ್ಲಿ ದಮ್ಮಿನಿಂದ ಸತ್ತವನ ಮರಣ ದಾಖಲೆಯಲ್ಲಿ ಚಿಮಣಿಯ ಹೆಸರು ಬರೆಯುವವರು ಯಾರೂ ಇಲ್ಲದ ಕಾರಣ. ಎಣಿಸದೆ ಬಿಟ್ಟವರೇ ಎಣಿಕೆ ಇಲ್ಲ ಎಂದು ಹೇಳುತ್ತಿದ್ದಾರೆ.

ಅಳತೆಯಲ್ಲೂ ಇದೇ ಅನ್ಯಾಯ. ಗಾಳಿಯ ಗುಣಮಟ್ಟದ ಸೂಚ್ಯಂಕದಲ್ಲಿ ಧೂಳಿನ ಲೆಕ್ಕ 24 ಗಂಟೆಯ ಸರಾಸರಿ. ರಾತ್ರಿ ಎರಡಕ್ಕೆ ಬಿಟ್ಟ ಕರಿ ಹೊಗೆ ಹಗಲಿನ ತಿಳಿ ಗಾಳಿಯ ಜೊತೆ ಕೂಡಿ ಭಾಗಿಸಿದಾಗ ಸೌಮ್ಯವಾಗಿಬಿಡುತ್ತದೆ. ಮನುಷ್ಯ ಸರಾಸರಿ ಗಾಳಿಯನ್ನು ಉಸಿರಾಡುವುದಿಲ್ಲ, ಆ ಕ್ಷಣ ಮೂಗಿನ ಮುಂದೆ ಇರುವುದನ್ನು ಉಸಿರಾಡುತ್ತಾನೆ. ಕೊಪ್ಪಳ ನಗರದ ಬಡಾವಣೆಯೊಂದರಲ್ಲಿ ನಿಂತ ಯಂತ್ರ ಹೇಳುವ ಅಂಕಿಯನ್ನು ಹಿಡಿದು ಕಾರ್ಖಾನೆಯ ಗೋಡೆಗೆ ತಾಗಿದ ಹಳ್ಳಿಗೆ "ಗಾಳಿ ಪರವಾಗಿಲ್ಲ" ಎನ್ನುವುದು ಮೋಸ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ದೇಶದ ಸುಮಾರು 130 ನಗರಗಳಿವೆ. ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ. ಕೊಪ್ಪಳ ಇಲ್ಲ. ಬಳ್ಳಾರಿ ಇಲ್ಲ. ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಹಾರುಬೂದಿ 1985ರಿಂದ ನುಂಗುತ್ತಿರುವ ರಾಯಚೂರೂ ಇಲ್ಲ. ರಾಜ್ಯಕ್ಕೆ ಕರೆಂಟು ಕೊಟ್ಟವರು, ದೇಶಕ್ಕೆ ಉಕ್ಕು ಕೊಟ್ಟವರು ಶುದ್ಧ ಗಾಳಿಯ ಪಟ್ಟಿಯಿಂದಲೇ ಹೊರಗೆ.

ಕಾನೂನು ಏನು ಹೇಳುತ್ತದೆ? ವಾಯು ಕಾಯ್ದೆ ಬಂದದ್ದು 1981ರಲ್ಲಿ. 2009ರ ರಾಷ್ಟ್ರೀಯ ಮಾನದಂಡ ಕೈಗಾರಿಕಾ, ವಸತಿ, ಗ್ರಾಮೀಣ ಪ್ರದೇಶಗಳೆಲ್ಲಕ್ಕೂ ಒಂದೇ ಮಿತಿ ಹಾಕಿದೆ. ಪಿಎಂ 2.5 ವರ್ಷದ ಸರಾಸರಿ ಘನ ಮೀಟರಿಗೆ 40 ಮೈಕ್ರೋಗ್ರಾಂ ಮೀರುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ಮಿತಿ ಕೇವಲ 5. ನಮ್ಮದು ಅದಕ್ಕಿಂತ ಎಂಟು ಪಟ್ಟು ಸಡಿಲ, ಆ ಸಡಿಲ ಮಿತಿಯನ್ನೂ ಹಳ್ಳಿಯ ಮಟ್ಟಿಗೆ ಕಾಯುವವರಿಲ್ಲ. ಶುದ್ಧ ಗಾಳಿ ಮತ್ತು ನೀರು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು 1991ರಲ್ಲೇ ತೀರ್ಪು ಕೊಟ್ಟಿದೆ. ಅದಾದ ಮೇಲೆ ಬಂದದ್ದು 2023ರ ಜನವಿಶ್ವಾಸ ಕಾಯ್ದೆ. ಮಿತಿ ಮೀರಿ ಹೊಗೆ ಬಿಟ್ಟವರಿಗೆ ವಾಯು ಕಾಯ್ದೆಯಲ್ಲಿದ್ದ ಜೈಲು ಶಿಕ್ಷೆಯನ್ನು ಅದು ತೆಗೆದುಹಾಕಿತು. ಅದರ ಜಾಗದಲ್ಲಿ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ. ಯಾವ ಜನರ ವಿಶ್ವಾಸ ಇದು? ಕುರಿ ಕದ್ದವನಿಗೆ ಜೈಲು, ಊರಿನ ಉಸಿರು ಕದ್ದವನಿಗೆ ರಸೀದಿ. ಸಾವಿರಾರು ಕೋಟಿಯ ಉದ್ಯಮಕ್ಕೆ 15 ಲಕ್ಷ ಒಂದು ದಿನದ ಚಿಲ್ಲರೆ ಖರ್ಚು. ಶಿಕ್ಷೆಯನ್ನು ತೆಗೆದು ಅವರು ದರಪಟ್ಟಿ ಅಂಟಿಸಿದ್ದಾರೆ.

ಉಸಿರಿನ ಪ್ರಶ್ನೆ ಎತ್ತಿದ ಕೂಡಲೇ "ನಿಮಗೆ ಉದ್ಯೋಗ ಬೇಡವೆ, ಅಭಿವೃದ್ಧಿ ಬೇಡವೆ" ಎಂದು ಕೇಳುವವರಿದ್ದಾರೆ. ಅವರು ಶಿಫ್ಟ್ ಮುಗಿಯುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಮುಂದೆ ನಿಲ್ಲಲಿ. ಒಳಗೆ ಕುಲುಮೆಯ ಬಳಿ ದುಡಿಯುವವರು ಬಹುಪಾಲು ಗುತ್ತಿಗೆ ಕೂಲಿಗಳು. ಬಿಹಾರ, ಒಡಿಶಾದಿಂದ ಬಂದ ಬಡ ಹುಡುಗರು ಮುಖಕ್ಕೆ ಟವೆಲು ಸುತ್ತಿಕೊಂಡು ಬೂದಿ ತೋಡುತ್ತಾರೆ. ಭೂಮಿ ಕೊಟ್ಟ ಮನೆಯ ಮಗನಿಗೆ ಗೇಟು ಕಾಯುವ ಕೆಲಸ ಸಿಕ್ಕರೆ ಪುಣ್ಯ. ಊರೊಳಗೆ ಧೂಳು ಮೊದಲು ಹೊಡೆಯುವುದು ದಲಿತರ ಕೇರಿಯನ್ನು, ಭೂಮಿ ಇಲ್ಲದವರ ಶೆಡ್ಡುಗಳನ್ನು. ಮುಚ್ಚಿದ ಕಿಟಕಿಯ ಮನೆ, ಎಸಿ ಕೋಣೆ, ಬೇರೆ ಊರಿಗೆ ಹೋಗಿ ನೆಲೆಸುವ ತಾಕತ್ತು ಇಲ್ಲದವರನ್ನು ಹುಡುಕಿಕೊಂಡು ಅದು ಬರುತ್ತದೆ. ಗಾಳಿ ಎಲ್ಲರಿಗೂ ಒಂದೇ ಎನ್ನುವ ಮಾತು ಸುಳ್ಳು. ವರ್ಗ, ಜಾತಿ ನೋಡಿಯೇ ಈ ದೇಶದಲ್ಲಿ ಗಾಳಿ ಹಂಚಿಕೆಯಾಗಿದೆ.

ಇಷ್ಟರ ಮೇಲೆ 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ಕೊಪ್ಪಳಕ್ಕೆ ಇನ್ನೊಂದು ಬೃಹತ್ ಉಕ್ಕಿನ ಕಾರ್ಖಾನೆಯ ಒಪ್ಪಂದವಾಯಿತು. 54 ಸಾವಿರ ಕೋಟಿ ರೂಪಾಯಿ ಹೂಡಿಕೆ ಎಂದು ಚಪ್ಪಾಳೆ ತಟ್ಟಿದರು. ಅದು ನಗರಕ್ಕೆ ಅಂಟಿಕೊಂಡೇ ಏಳುವ ಕಾರ್ಖಾನೆ. ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿ ಬೀದಿಗೆ ಇಳಿದರು. ರೈತರು, ವಿದ್ಯಾರ್ಥಿಗಳು, ವ್ಯಾಪಾರಿಗಳು, ಎಲ್ಲ ಧರ್ಮದವರು, ಎಲ್ಲ ಪಕ್ಷದವರು ಕೂಡಿ ನಡೆದರು. ಜಾತ್ರೆಯ ತೇರಿಗೆ ಸೇರುವ ಊರು ಉಸಿರಿಗಾಗಿ ಸೇರಿತು. ಕೆಲಸ ನಿಲ್ಲಿಸುವಂತೆ ಮುಖ್ಯಮಂತ್ರಿಗಳು ಸೂಚಿಸಿದರು. ಬಾಯಿಮಾತಿನ ಸೂಚನೆಯನ್ನು ನಂಬಿ ಮನೆಗೆ ಹೋಗಿ ಮಲಗುವಷ್ಟು ದಡ್ಡರಲ್ಲ ಕೊಪ್ಪಳದ ಜನ. ತಮಿಳುನಾಡಿನ ತೂತ್ತುಕುಡಿಯನ್ನು ಅವರು ಮರೆತಿಲ್ಲ. ಅಲ್ಲಿ ತಾಮ್ರದ ಕಾರ್ಖಾನೆಯ ವಿರುದ್ಧ ನಡೆದ ಜನರ ಮೇಲೆ 2018ರ ಮೇ 22ರಂದು ಪೊಲೀಸರು ಗುಂಡು ಹಾರಿಸಿದರು, 13 ಜನ ಸತ್ತರು. ಕಾರ್ಖಾನೆಗೆ ಬೀಗ ಬಿದ್ದದ್ದು ಅಷ್ಟು ಹೆಣ ಬಿದ್ದ ಮೇಲೆ. ಕೊಪ್ಪಳದಲ್ಲಿ ಒಂದು ಹೆಣವೂ ಬೀಳದೆ ನ್ಯಾಯ ಸಿಗಬೇಕು.

ಇಂಥ ಕಾರ್ಖಾನೆಗೆ ಅನುಮತಿ ಸಿಗುವ ಮೊದಲು ಬೇಕಾದ ಪರಿಸರ ಪರಿಣಾಮದ ವರದಿ ಬರೆಯುವವರಿಗೆ ಸಂಬಳ ಕೊಡುವುದು ಕಾರ್ಖಾನೆ ಕಟ್ಟುವ ಕಂಪನಿಯೇ. ಒಂದು ಋತುವಿನ ಗಾಳಿಯನ್ನು ಅಳೆದು ಬರೆದ ಆ ದಪ್ಪ ವರದಿ ಇಂಗ್ಲಿಷಿನಲ್ಲಿರುತ್ತದೆ, ಊರಿನವರ ಪಾಲಿಗೆ ಕನ್ನಡದಲ್ಲಿ ಬರುವುದು ಅದರ ಸಾರಾಂಶ. ಆ ವರದಿಯ ಮೇಲೆ ಹೀಗೆ ನಡೆಯುವ ಸಾರ್ವಜನಿಕ ಅಹವಾಲು ಸಭೆಯನ್ನು ಜನರ ಒಪ್ಪಿಗೆ ಎಂದು ನಾವು ಇನ್ನು ಒಪ್ಪಬಾರದು.

ನಮ್ಮ ಬೇಡಿಕೆಗಳು ಸ್ಪಷ್ಟ. ಪ್ರತಿ ಕಾರ್ಖಾನೆಯ ಧೂಳು ಹಿಡಿಯುವ ಯಂತ್ರಕ್ಕೆ ಪ್ರತ್ಯೇಕ ಕರೆಂಟು ಮೀಟರು ಇರಲಿ, ಅದರ ಗಂಟೆಗಂಟೆಯ ಲೆಕ್ಕ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರಲಿ. ಯಂತ್ರ ನಿಂತರೆ ಕುಲುಮೆಯೂ ತಾನಾಗಿ ನಿಲ್ಲುವಂತೆ ಜೋಡಿಸಲಿ. ಚಿಮಣಿಗೆ ತಾಗಿದ ಪ್ರತಿ ಹಳ್ಳಿಯಲ್ಲಿ ಗಾಳಿ ಅಳೆಯುವ ಯಂತ್ರ ಕೂರಲಿ. ಮನೆಮನೆಗೆ ಹೋಗಿ ಪುಪ್ಪುಸದ ತಪಾಸಣೆ ಮಾಡಿ ವರದಿಯನ್ನು ಗ್ರಾಮಸಭೆಯ ಮುಂದೆ ಇಡಲಿ. ಕಪ್ಪಾದ ಹತ್ತಿಗೆ, ಹಾಳಾದ ಮೇವಿಗೆ ಕಾರ್ಖಾನೆಯಿಂದಲೇ ಪರಿಹಾರ ವಸೂಲಿಯಾಗಲಿ. ಇವುಗಳಲ್ಲಿ ಒಂದೂ ಅಸಾಧ್ಯವಲ್ಲ, ಒಂದಕ್ಕೂ ಹೊಸ ವಿಜ್ಞಾನ ಬೇಕಾಗಿಲ್ಲ. ಇಷ್ಟು ವರ್ಷ ಆಗದೆ ಉಳಿದದ್ದು, ಸಾಯುತ್ತಿರುವವರು ಆಳುವವರ ಮಕ್ಕಳಲ್ಲ ಎಂಬ ಒಂದೇ ಕಾರಣಕ್ಕೆ.

ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಕೂತು ಇದನ್ನು ಓದುತ್ತಿರುವ ಗೆಳೆಯರೇ, ನಿಮ್ಮ ಮನೆಯ ತಾರಸಿಗೆ ಹಾಕಿದ ಕಂಬಿಯಲ್ಲಿ ಈ ಹಳ್ಳಿಗಳ ಉಸಿರಿದೆ. ಇದು ಕೊಪ್ಪಳದವರ ಜಗಳ ಎಂದು ಪುಟ ತಿರುವಬೇಡಿ. ನಿಮ್ಮ ಶಾಸಕರನ್ನು ಕೇಳಿ, ನಿಮ್ಮ ಪತ್ರಿಕೆಗೆ ಬರೆಯಿರಿ, ಕೊಪ್ಪಳದವರು ಮತ್ತೆ ಬೀದಿಗಿಳಿದ ದಿನ ಅವರ ಪಕ್ಕ ನಿಲ್ಲಿ. ಇರುವ ಚಿಮಣಿಗಳು ತಾವು ಬಿಟ್ಟ ಹೊಗೆಗೆ, ತೆಗೆದ ಜೀವಕ್ಕೆ ಲೆಕ್ಕ ಕೊಡುವವರೆಗೆ ಕೊಪ್ಪಳದ ನೆಲದಲ್ಲಿ ಇನ್ನೊಂದು ಚಿಮಣಿ ಏಳಕೂಡದು.