ಕೋಚ್ ಕೈಯಲ್ಲಿ ಬೈಬಲ್, ಬೆಂಚಿನ ಮೇಲೆ ಬಾಲಕ

ಅಮೆರಿಕದಲ್ಲಿ ವಸಂತ ಕಾಲಿಟ್ಟೊಡನೆ ಊರೂರಿನ ಬೇಸ್‌ಬಾಲ್ ಮೈದಾನಗಳು ಮಕ್ಕಳಿಂದ ತುಂಬುತ್ತವೆ. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಹುಟ್ಟಿದ ‘ಲಿಟ್ಲ್ ಲೀಗ್’ ನಡೆಯುವುದೇ ಸ್ವಯಂಸೇವಕ ತರಬೇತುದಾರರಿಂದ. ಅವರಲ್ಲಿರುವ ಶ್ರದ್ಧಾವಂತ ಕ್ರೈಸ್ತರಿಗೆ ಮೈದಾನವೂ ಒಂದು ಸೇವಾಕ್ಷೇತ್ರ. ಪಂದ್ಯಕ್ಕೆ ಮುನ್ನ ಪ್ರಾರ್ಥನೆ, ಸೋತು ಕುಳಿತ ಹುಡುಗರಿಗೆ ಬೈಬಲಿನ ಸಾಂತ್ವನ. ಇದು ತರಬೇತುದಾರನ ವಾಕ್ ಸ್ವಾತಂತ್ರ್ಯವೇ ಅಥವಾ ಎಳೆಯರ ಮೇಲಿನ ಒತ್ತಡವೇ ಎಂಬ ವಿವಾದ ಅಲ್ಲಿ ಇನ್ನೂ ತಣಿದಿಲ್ಲ.

ಬೇಸ್‌ಬಾಲ್‌ಗೂ ಕ್ರೈಸ್ತ ಶ್ರದ್ಧೆಗೂ ಹಳೆಯ ನಂಟು. 1880ರ ದಶಕದಲ್ಲಿ ಷಿಕಾಗೋ ತಂಡದಲ್ಲಿ ಆಡಿದ ಬಿಲ್ಲಿ ಸಂಡೆ ಮುಂದೆ ದೇಶದ ಅತಿ ಪ್ರಸಿದ್ಧ ಧರ್ಮಬೋಧಕರಾದರು. 1954ರಲ್ಲಿ ಆರಂಭವಾದ ಕ್ರೈಸ್ತ ಕ್ರೀಡಾಪಟುಗಳ ಒಕ್ಕೂಟಕ್ಕೆ ಬೆನ್ನೆಲುಬಾಗಿ ನಿಂತವರು ಬ್ರಾಂಚ್ ರಿಕಿ. ಕರಿಯರಿಗೆ ಮುಚ್ಚಿದ್ದ ಬಾಗಿಲನ್ನು ತೆರೆದು, 1947ರಲ್ಲಿ ಜಾಕಿ ರಾಬಿನ್‌ಸನ್ ಅವರನ್ನು ಬ್ರೂಕ್ಲಿನ್ ಡಾಡ್ಜರ್ಸ್ ಪರ ಕಣಕ್ಕಿಳಿಸಿದವರೂ ಇದೇ ರಿಕಿ. ಅವರ ಆ ನಿರ್ಧಾರದ ಹಿಂದೆ ಮೆಥಡಿಸ್ಟ್ ಶ್ರದ್ಧೆಯ ಪಾಲೂ ಇತ್ತು. ಆದ್ದರಿಂದ ಧರ್ಮವನ್ನು ಮೈದಾನದಿಂದ ಗುಡಿಸಿ ಹಾಕಬೇಕೆನ್ನುವವರ ವಾದ ಇತಿಹಾಸಕ್ಕೆ ನ್ಯಾಯ ಒದಗಿಸುವುದಿಲ್ಲ.

ಇನ್ನು ಕಾನೂನು. ಸರ್ಕಾರಿ ಶಾಲೆಗಳು ಪ್ರಾರ್ಥನೆ ಹೇಳಿಸಬಾರದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿತ್ತು. ಆದರೆ 2022ರ ಜೂನ್‌ನಲ್ಲಿ, ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್‌ನ ಶಾಲಾ ಫುಟ್‌ಬಾಲ್ ತರಬೇತುದಾರ ಜೋಸೆಫ್ ಕೆನಡಿ ಪಂದ್ಯ ಮುಗಿದ ಮೇಲೆ ಮೈದಾನದ ನಡುವೆ ಮೊಣಕಾಲೂರಿ ಪ್ರಾರ್ಥಿಸುವುದು ಅವರ ಖಾಸಗಿ ಹಕ್ಕು ಎಂದು 6-3 ಬಹುಮತದಿಂದ ತೀರ್ಪಿತ್ತಿತು. ಯಾರನ್ನೂ ಬಲವಂತಪಡಿಸಿದ್ದಕ್ಕೆ ಪುರಾವೆಯಿಲ್ಲ ಎಂಬುದು ಬಹುಮತದ ನಿಲುವು. ಅದೇ ಪ್ರಕರಣದ ದಾಖಲೆಯಲ್ಲಿ ಒಬ್ಬ ತಂದೆಯ ಮಾತಿದೆ: ನಾಸ್ತಿಕನಾದ ತಮ್ಮ ಮಗ, ಸೇರದಿದ್ದರೆ ಆಡುವ ಅವಕಾಶ ಕಡಿಮೆಯಾದೀತೆಂದು ಅಂಜಿ ಪ್ರಾರ್ಥನೆಯಲ್ಲಿ ಸೇರಿಕೊಂಡಿದ್ದ.

ಸೂಕ್ಷ್ಮವಿರುವುದು ಇಲ್ಲಿಯೇ. ಯಾರು ಪಿಚರ್, ಬ್ಯಾಟಿಂಗ್‌ನಲ್ಲಿ ಯಾರು ಮೊದಲು, ಯಾರಿಗೆ ಬೆಂಚು ಎಂಬುದೆಲ್ಲ ತರಬೇತುದಾರನ ಕೈಯಲ್ಲಿದೆ. ಪ್ರತಿ ಮಗುವಿಗೂ ಕನಿಷ್ಠ ಅವಕಾಶ ಕೊಡಬೇಕೆಂಬ ನಿಯಮ ಲಿಟ್ಲ್ ಲೀಗ್‌ನಲ್ಲಿದೆ, ನಿಜ. ಕನಿಷ್ಠಕ್ಕಿಂತ ಮೇಲಿನದೆಲ್ಲ ಅವನ ಕೃಪೆ. ಅಂಥವನು ‘ಇಷ್ಟವಿದ್ದವರು ಬನ್ನಿ’ ಎಂದು ಕರೆದಾಗ ಒಂಬತ್ತು ವರ್ಷದ ಹುಡುಗ ಅದನ್ನು ಇಷ್ಟದ ಪ್ರಶ್ನೆಯೆಂದು ತಿಳಿದಾನೆಯೇ? ಅಮೆರಿಕದ ನಗರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳೂ ಇಂಥ ತಂಡಗಳಲ್ಲಿ ಆಡುತ್ತಾರೆ. ಎಲ್ಲರೂ ತಲೆಬಾಗಿಸಿ ಕೈಕೈ ಹಿಡಿದು ನಿಂತಾಗ ತಾನೊಬ್ಬನೇ ದೂರ ಸರಿಯುವುದು ದೊಡ್ಡವರಿಗೇ ಕಷ್ಟ. ಹೊರಗಿನಿಂದ ಬಂದವರ ಮಗುವಿಗೆ ಹೇಳುವುದೇ ಬೇಡ.

ಲಿಟ್ಲ್ ಲೀಗ್ ಖಾಸಗಿ ಸಂಸ್ಥೆಯಾದ್ದರಿಂದ ಶಾಲೆಯನ್ನು ಕಟ್ಟಿಹಾಕುವ ಸಂವಿಧಾನದ ನಿರ್ಬಂಧ ಅಲ್ಲಿ ಅನ್ವಯಿಸದು. ಕೋರ್ಟು ಕಾಯದ ಕಡೆ ತರಬೇತುದಾರನೇ ತನ್ನನ್ನು ಕಾಯ್ದುಕೊಳ್ಳಬೇಕು. ಚರ್ಚುಗಳೇ ನಡೆಸುವ ಲೀಗುಗಳ ಬಗ್ಗೆ ತಕರಾರಿಲ್ಲ. ಅಲ್ಲಿ ಏನಿದೆಯೆಂದು ತಿಳಿದೇ ಪಾಲಕರು ಮಕ್ಕಳನ್ನು ಕಳಿಸುತ್ತಾರೆ. ಊರಿಗೆಲ್ಲ ಸೇರಿದ ತಂಡದಲ್ಲಿ ಮಾತ್ರ, ಮಕ್ಕಳ ಜೊತೆ ಪ್ರಾರ್ಥನೆಗೆ ನಿಲ್ಲುವ ಬದಲು, ಎಡವಿದ ಹುಡುಗನನ್ನು ಗದರದೆ ಎಬ್ಬಿಸುವುದರಲ್ಲೇ ಶ್ರದ್ಧೆಯನ್ನು ತೋರಬಹುದು. ಯಾರಾದರೂ ಕಾರಣ ಕೇಳಿದರೆ ಆಗ ಹೇಳಲಿ, ಅದೂ ಪಾಲಕರ ಎದುರಿನಲ್ಲಿ.

1965ರ ವಿಶ್ವ ಸರಣಿಯ ಮೊದಲ ಪಂದ್ಯ ಯಹೂದಿಗಳ ಪವಿತ್ರ ದಿನವಾದ ಯೋಮ್ ಕಿಪ್ಪುರ್‌ನಂದೇ ಬಂದಿತ್ತು. ಡಾಡ್ಜರ್ಸ್‌ನ ಸ್ಯಾಂಡಿ ಕೋಫ್ಯಾಕ್ಸ್ ಅಂದು ಆಡಲಿಲ್ಲ. ತಂಡ ಸೋತಿತು. ಆದರೂ ಏಳನೆಯ ಹಾಗೂ ನಿರ್ಣಾಯಕ ಪಂದ್ಯದಲ್ಲಿ ಚೆಂಡು ಅವರ ಕೈಗೇ ಬಂತು, ಗೆಲ್ಲಿಸಿಯೂ ಕೊಟ್ಟರು. ಅವರು ಆ ಕಾಲದ ಅತ್ಯುತ್ತಮ ಪಿಚರ್. ‘ಬಾರೆ’ ಎನ್ನುವ ಬಲ ಅವರಿಗಿತ್ತು. ಬ್ಯಾಟಿಂಗ್ ಸರದಿಯ ಕೊನೆಯಲ್ಲಿ ನಿಲ್ಲುವ ಪುಟ್ಟ ಹುಡುಗನಿಗೆ ಅದಿಲ್ಲ.